ಮೆಗಾ ಡ್ರೈವ್ ಮಿನಿ ಪೆಟ್ಟಿಗೆ ಬಿಚ್ಚಿದೆ, ಮೊದಲ ಅನಿಸಿಕೆ ಇಲ್ಲಿದೆ

ಬಿಜೈ 16ಬಿಟ್ (ಮಂಗಳೂರು)

ಸೆಗಾ ಕಂಪನಿಯ ಹಳೆ ವಿಡಿಯೋ ಗೇಮ್ ಯಂತ್ರದ ಪುಟ್ಟ ಆವೃತ್ತಿ, ಆಟಗಳು ಒಳಗೇ ತುಂಬಿರುವ ಮೆಗಾ ಡ್ರೈವ್ ಮಿನಿ, ಅಂತೂ ಕೈಗೆ ಸಿಕ್ಕಿತು. ದುಬೈಯಲ್ಲಿರುವ ಭಾವ ರಜೆಗೆ ಬರುವಾಗ ತಂದುಕೊಟ್ಟರು. ಅಲ್ಲಿ ಯಾರೋ ಕೊಂಡು ಸೀಲ್ ಒಡೆಯದೆ ಕಪಾಟಿನಲ್ಲಿ ಇಟ್ಟಿದ್ದ ಮಾಲು, ಯುರೋಪಿನ ಆವೃತ್ತಿ. 2019ರಲ್ಲಿ ಬಂದ ಯಂತ್ರಕ್ಕೆ ಈಗ ಅನ್‌ಬಾಕ್ಸಿಂಗ್ ಬರೆಯುವುದು ತಂಗಳನ್ನ ಬಡಿಸಿದ ಹಾಗೆ ಅಂತ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಸುಮಾರು ಜನ ಇನ್ನೂ ಸೆಕೆಂಡ್ ಹ್ಯಾಂಡ್ ಹುಡುಕುತ್ತಾ ಇದ್ದೀರಿ.

ಒಳಗೆ ಇರುವುದು ಇಷ್ಟೇ. ಯಂತ್ರ, ಎರಡು ಕಂಟ್ರೋಲರ್, ಎಚ್‌ಡಿಎಂಐ ಕೇಬಲ್, ಕರೆಂಟಿಗೆ ಮೈಕ್ರೋ ಯುಎಸ್‌ಬಿ ಕೇಬಲ್, ಒಂದು ಕಾಗದ. ಅಡಾಪ್ಟರ್ ಕೊಟ್ಟಿಲ್ಲ. ಮನೆಯಲ್ಲಿ ಬಿದ್ದಿರುವ ಹಳೆ ಮೊಬೈಲ್ ಚಾರ್ಜರ್ ಸಾಕಾಗುತ್ತದೆ.

ಯಂತ್ರದ ಗಾತ್ರ ಅಸಲಿಯ ಶೇಕಡಾ 55ರಷ್ಟು. ಅಂಗೈ ಮೇಲೆ ಕೂರುತ್ತದೆ. ಮಾಡಿದವರ ಹುಚ್ಚು ಗೊತ್ತಾಗುವುದು ಮುಟ್ಟಿ ನೋಡುವಾಗ. ಕ್ಯಾಸೆಟ್ ಹಾಕುವ ಜಾಗದಲ್ಲಿ ಎರಡು ಪುಟ್ಟ ಬಾಗಿಲು ಉಂಟು. ಬೆರಳಲ್ಲಿ ಒತ್ತಿದರೆ ಒಳಗೆ ಮಡಚಿಕೊಳ್ಳುತ್ತವೆ, ಬಿಟ್ಟರೆ ಟಪ್ ಅಂತ ಮುಚ್ಚುತ್ತವೆ. ಒಳಗೆ ಏನೂ ಇಲ್ಲ, ಖಾಲಿ ಗುಂಡಿ. ಎಡಗಡೆ ಹೆಡ್‌ಫೋನಿನ ವಾಲ್ಯೂಮ್ ಸ್ಲೈಡರ್ ಮೇಲೆ ಕೆಳಗೆ ಜಾರುತ್ತದೆ, ಅದರಿಂದ ಧ್ವನಿ ಒಂಚೂರೂ ಬದಲಾಗುವುದಿಲ್ಲ. ಪವರ್ ಸ್ವಿಚ್ ಮತ್ತು ರೀಸೆಟ್ ಮಾತ್ರ ನಿಜವಾಗಿ ಕೆಲಸ ಮಾಡುತ್ತವೆ. ಅಕ್ಕನ ಮಗ ಆ ಬಾಗಿಲು ತೆಗೆದು ಹಾಕುವುದರಲ್ಲೇ ಮುಳುಗಿದ್ದ, ಆಟ ಶುರು ಮಾಡಿದ್ದು ಆಮೇಲೆ.

ಕಂಟ್ರೋಲರ್ ಅಸಲಿ ಅಳತೆಯದೇ. ಕೇಬಲ್ ಸುಮಾರು ಎರಡು ಮೀಟರ್. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ನಿಂಟೆಂಡೊ ಕಂಪನಿ 2016ರಲ್ಲಿ ಬಿಟ್ಟ ಇದೇ ತರದ ಪುಟ್ಟ ಗೇಮ್ ಯಂತ್ರ ಎನ್‌ಇಎಸ್‌ಗೆ ಬರೀ ಮುಕ್ಕಾಲು ಮೀಟರ್ ಕೇಬಲ್ ಇತ್ತು. ಟಿವಿ ಬುಡದಲ್ಲಿ ಕೂತು ಕುತ್ತಿಗೆ ಎತ್ತಿ ಆಡಬೇಕಿತ್ತು.

ಆಟಗಳು ಒಟ್ಟು 42. ಮೊದಲು ಹಾಕಿದ್ದು ರೋಡ್ ರ‍್ಯಾಶ್ 2. ನಮ್ಮ ಪ್ರಾಯದವರಿಗೆ ರೋಡ್ ರ‍್ಯಾಶ್ ಅಂದರೆ ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು ಆಚೆ ಹೋದಾಗ ತೆರೆಯುವ ಆಟ, ಅಲ್ವಾ? ಇದು ಅದಕ್ಕಿಂತ ಹಳೆಯದು, 1992ರದ್ದು. ಚಿತ್ರ ಒರಟು. ಆದರೆ ಇದರಲ್ಲಿ ಪರದೆ ಎರಡು ಭಾಗ ಆಗಿ ಇಬ್ಬರು ಒಟ್ಟಿಗೆ ಓಡಿಸಬಹುದು. ಅಕ್ಕನ ಮಗ ನನ್ನನ್ನು ಚೈನಿನಿಂದ ಹೊಡೆದು ಬೀಳಿಸಿ ಬಿದ್ದು ಬಿದ್ದು ನಕ್ಕ.

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಇದು ನನ್ನ ಬಾಲ್ಯದ ಯಂತ್ರ ಅಲ್ಲ. ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಮೆಗಾ ಡ್ರೈವ್ ಇರಲಿಲ್ಲ. ಆದ್ದರಿಂದ "ಹಳೆ ನೆನಪು ಬಂತು" ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ಇದು ಹೊಸ ಯಂತ್ರ. ಹಾಗೆ ನೋಡಿದಾಗಲೂ ಚೆನ್ನಾಗಿದೆ ಎಂಬುದೇ ನನಗೆ ದೊಡ್ಡದಾಗಿ ಕಂಡದ್ದು.

ಕಾಪು ಕ್ಯಾಸೆಟ್ (ಉಡುಪಿ)

ಮಾರಾಯ, 42 ಆಟದಲ್ಲಿ ಮಾರಿಯೋ ಇಲ್ಲವಾ?

ಬಿಜೈ 16ಬಿಟ್

ಅಣ್ಣ, ಮಾರಿಯೋ ನಿಂಟೆಂಡೊದವರದ್ದು. ಸೆಗಾದಲ್ಲಿ ಸೋನಿಕ್. ಆ ಕಾಲದಲ್ಲಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಕಾಪು ಕ್ಯಾಸೆಟ್

ಅದು ಗೊತ್ತುಂಟು, ಸುಮ್ನೆ ಕೇಳಿದೆ. ನಮ್ಮ ಊರಿನಲ್ಲಿ ವಿಡಿಯೋ ಗೇಮ್ ಅಂದರೆ ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಗನ್. ಅಷ್ಟೇ. ನನ್ನ ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ಆಡಲಿಕ್ಕೆ ಬಿಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಚಪ್ಪಲಿ ಇಡಲಿಕ್ಕೆ ಜಾಗ ಇರುತ್ತಿರಲಿಲ್ಲ. ಮೂಡೆ ತಿಂದ ಕೈಯಲ್ಲೇ ಬಟನ್ ಒತ್ತುವ ಮಕ್ಕಳಿದ್ದರು. ರಾತ್ರಿ ಕೂತು ಕಂಟ್ರೋಲರ್ ಬಿಚ್ಚಿ ಒರೆಸುವುದೇ ನನಗೆ ಕೆಲಸ.

ಆ ಯಂತ್ರಗಳ ಮೇಲೆ ಏನೇನೋ ಹೆಸರು ಇರುತ್ತಿತ್ತು. ಟರ್ಮಿನೇಟರ್ ಅಂತ ಒಂದು, ಲಿಟ್ಲ್ ಮಾಸ್ಟರ್ ಅಂತ ಒಂದು. ಕ್ಯಾಸೆಟ್ ಮೇಲೆ "9999 ಇನ್ 1" ಅಂತ ಬರೆದಿರುತ್ತಿದ್ದರು. ಹಾಕಿ ನೋಡಿದರೆ ಅವೇ ನಾಲ್ಕೈದು ಆಟ ಬೇರೆ ಬೇರೆ ಹೆಸರಿನಲ್ಲಿ. ಮೂರನೇ ಲೆವೆಲ್‌ನಿಂದ ಶುರುವಾದರೆ ಅದೂ ಒಂದು ಹೊಸ ಆಟ!

ಸುರತ್ಕಲ್ ಸೋಲ್ಡರ್

ಅಣ್ಣ ಹೇಳಿದ ಯಂತ್ರಗಳೆಲ್ಲ ನಿಂಟೆಂಡೊದ ಜಪಾನಿ ಗೇಮ್ ಯಂತ್ರ ಫ್ಯಾಮಿಕಾಮ್‌ನ ನಕಲು. 60 ಪಿನ್ನಿನ ಕ್ಯಾಸೆಟ್. ಬಿಚ್ಚಿದರೆ ಬೋರ್ಡಿನ ನಡುವೆ ಕಪ್ಪು ಅಂಟಿನ ಒಂದು ಗುಳ್ಳೆ ಇರುತ್ತದೆ, ಇಡೀ ಯಂತ್ರ ಅದರೊಳಗೆ. ಆ ಗುಳ್ಳೆ ಕೆಟ್ಟರೆ ರಿಪೇರಿ ಅಂತ ಇಲ್ಲ. ನನ್ನ ಟೇಬಲಿಗೆ ಈಗಲೂ ಬರುತ್ತವೆ. ಹೆಚ್ಚಿನವು ಅಡಾಪ್ಟರ್ ಸುಟ್ಟದ್ದು, ಇಲ್ಲವೇ ಕಂಟ್ರೋಲರಿನ ವೈರ್ ಒಳಗೆ ತುಂಡಾದದ್ದು.

ಮೆಗಾ ಡ್ರೈವ್ ನಮ್ಮಲ್ಲಿ ಯಾಕೆ ಇರಲಿಲ್ಲ ಅಂದರೆ, ಬಂದಿತ್ತು, ಆದರೆ ಯಾರಿಗೂ ಎಟುಕಲಿಲ್ಲ. 1995ರಲ್ಲಿ ಸೆಗಾ ಶಾ ವಾಲೇಸ್ ಜತೆ ಒಪ್ಪಂದ ಮಾಡಿಕೊಂಡು ಭಾರತಕ್ಕೆ ತಂದಿತು. ಹೌದು, ಮದ್ಯದ ವ್ಯಾಪಾರದ ಅದೇ ಶಾ ವಾಲೇಸ್. ಆಗ ಆಮದು ಸುಂಕ ಶೇಕಡಾ 80, ಅದನ್ನು ತಪ್ಪಿಸಲಿಕ್ಕೆ ಈ ದಾರಿ. ಆದರೂ ಯಂತ್ರದ ಬೆಲೆ 18,000 ರೂಪಾಯಿ! ಆಗ ಅಷ್ಟು ದುಡ್ಡಿಗೆ ಒಳ್ಳೆಯ ಕಲರ್ ಟಿವಿ ಬರುತ್ತಿತ್ತು.

ಮೂಲ್ಕಿ ಮಸ್ಕತ್

ನಮ್ಮಲ್ಲಿ ಇತ್ತು! ಚಿಕ್ಕಪ್ಪ ಬಹರೈನ್‌ನಲ್ಲಿ ಇದ್ದರು. ಊರಿಗೆ ಬರುವಾಗ ಬಾಮ್, ಟ್ಯಾಂಗ್ ಪುಡಿ, ಕಂಬಳಿ ನಡುವೆ ಒಂದು ಕಪ್ಪು ಪೆಟ್ಟಿಗೆ. ಆದರೆ ಕ್ಯಾಸೆಟ್ ಇದ್ದದ್ದು ಒಂದೇ, ಗೋಲ್ಡನ್ ಆ್ಯಕ್ಸ್. ಇಡೀ ಮೂಲ್ಕಿಯಲ್ಲಿ ಇನ್ನೊಂದು ಸಿಗಲಿಲ್ಲ. ಫ್ಯಾಮಿಕಾಮ್ ಕ್ಯಾಸೆಟ್ ಇದಕ್ಕೆ ಹೊಂದುವುದಿಲ್ಲ, ಗಳಸ್ಯ ಕಂಠಸ್ಯದ ಗೆಳೆಯನ ಹತ್ತಿರ ರಾಶಿ ಇದ್ದರೂ ನನಗೆ ಪ್ರಯೋಜನ ಇಲ್ಲ. ಆ ಕುಳ್ಳ, ಆ ಹೆಂಗಸು, ಆ ಗಡ್ಡ ಇಲ್ಲದ ಹೀರೋ, ಮೂವರನ್ನೂ ತಿರುಗಿಸಿ ಮುರುಗಿಸಿ ಆಡಿ ಕೊನೆಗೆ ಬೇಸರ ಬಂದು ಬಿಟ್ಟೆವು. ಮಿನಿಯಲ್ಲಿ ಗೋಲ್ಡನ್ ಆ್ಯಕ್ಸ್ ಉಂಟಾ?

ಬಿಜೈ 16ಬಿಟ್

ಉಂಟು. ಇಬ್ಬರು ಒಟ್ಟಿಗೆ ಆಡಬಹುದು. ಆದರೆ ಸ್ಟ್ರೀಟ್ಸ್ ಆಫ್ ರೇಜ್ 2 ಹಾಕಿ ನೋಡಿದ ಮೇಲೆ ಗೋಲ್ಡನ್ ಆ್ಯಕ್ಸ್ ಸ್ವಲ್ಪ ಸಪ್ಪೆ ಅನ್ನಿಸಿತು. ಬೇಸರ ಮಾಡಿಕೊಳ್ಳಬೇಡಿ.

ಮೂಲ್ಕಿ ಮಸ್ಕತ್

ಬೇಸರ ಆಯಿತು.

ಮಣಿಪಾಲ ರೂಮ್‌ಮೇಟ್

ಎಲ್ಲರಿಗೂ ನಮಸ್ಕಾರ. ತಪ್ಪು ತಿಳಿಯಬೇಡಿ ಅಣ್ಣ, ಆದರೆ ಇದಕ್ಕೆ ಅಷ್ಟು ದುಡ್ಡು ಯಾಕೆ? ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತೆಗೆದುಕೊಳ್ಳಿ, ಹಳೆ ಆಟ ಓಡಿಸುವ ರೆಟ್ರೋಪೈ ಅಥವಾ ಬಟೋಸೆರಾ ತಂತ್ರಾಂಶ ಹಾಕಿ. ಮೆಗಾ ಡ್ರೈವ್, ಎನ್‌ಇಎಸ್, ಪ್ಲೇಸ್ಟೇಷನ್ ಎಲ್ಲ ಒಂದರಲ್ಲೇ ಆಗುತ್ತದೆ. ಅವುಗಳ ಒಳಗಿನ ರೆಟ್ರೋಆರ್ಚ್‌ನಲ್ಲಿ ರನ್ ಅಹೆಡ್ ಅಂತ ಒಂದು ಸೌಲಭ್ಯ ಉಂಟು. ಮುಂದಿನ ಫ್ರೇಮನ್ನು ಮೊದಲೇ ಲೆಕ್ಕ ಹಾಕಿ ಇಡುತ್ತದೆ, ಹಾಗಾಗಿ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ವಿಳಂಬ ಅಸಲಿ ಯಂತ್ರಕ್ಕಿಂತಲೂ ಕಡಿಮೆ ಮಾಡಬಹುದು. ನಮ್ಮ ರೂಮಿನಲ್ಲಿ ನಾಲ್ಕು ಜನ ಹೀಗೆಯೇ ಆಡುವುದು.

ಬಂಟ್ವಾಳ ಬಜೆಟ್

ಪೈ ಕೂಡ ಬೇಡ. ಪೇಟೆಯಲ್ಲಿ ಗೇಮ್ ಸ್ಟಿಕ್ ಸಿಗುತ್ತದೆ. ಟಿವಿ ಹಿಂದೆ ಚುಚ್ಚಿದರೆ ಆಯಿತು. 10,000 ಆಟ, ಎರಡು ವೈರ್‌ಲೆಸ್ ಕಂಟ್ರೋಲರ್. ಪೆಟ್ಟಿಗೆ ಮೇಲೆ 4ಕೆ ಅಂತ ಬೇರೆ ಬರೆದಿದೆ. ಬಿಜೈಯವರು 42 ಆಟಕ್ಕೆ ದುಬೈ ತನಕ ಹೋದರು.

ಸುರತ್ಕಲ್ ಸೋಲ್ಡರ್

4ಕೆ ಅಂತ ಬರೆದದ್ದು ಓದಿ ನಗು ಬಂತು. ಮೆಗಾ ಡ್ರೈವ್ ಆಟದ ಚಿತ್ರ ಸಾಮಾನ್ಯವಾಗಿ 320 ಚುಕ್ಕಿ ಅಗಲ, 224 ಸಾಲು ಎತ್ತರ. ಒಮ್ಮೆಗೆ 64 ಬಣ್ಣ. ಅದಕ್ಕೆ 4ಕೆ ಯಾಕೆ? ಮಿನಿ ಕೊಡುವುದು 720ಪಿ, ಅಂದರೆ 720 ಸಾಲು. ಈ ಆಟಗಳಿಗೆ ಅದು ಧಾರಾಳ.

ಸ್ಟಿಕ್ ಕೆಟ್ಟದ್ದು ಅಂತ ಹೇಳುವುದಿಲ್ಲ. ಮಕ್ಕಳಿಗೆ ರಜೆಯಲ್ಲಿ ಒಂದು ತಿಂಗಳು ಆಡಲಿಕ್ಕೆ ಸಾಕು. ಆದರೆ ನನ್ನ ಹತ್ತಿರ ಬಂದ ಸ್ಟಿಕ್‌ಗಳಲ್ಲಿ ನೋಡಿದ್ದೇನೆ, ಕಂಟ್ರೋಲರಿನಲ್ಲಿ ಬಲಕ್ಕೆ ಒತ್ತಿದರೆ ಓರೆಯಾಗಿ ಹೋಗುತ್ತದೆ. ಬಿಚ್ಚಿದರೆ ಒಳಗಿನ ರಬ್ಬರ್ ತುಂಬ ತೆಳ್ಳಗೆ. ಮೆಮೊರಿ ಕಾರ್ಡ್ ಕೈಕೊಟ್ಟರೆ 10,000 ಆಟವೂ ಒಟ್ಟಿಗೆ ಹೋಗುತ್ತದೆ. ಆಟ ಮಾಡಿದವರಿಗೆ ಒಂದು ಪೈಸೆ ಹೋಗುವುದಿಲ್ಲ, ಅದು ಬೇರೆ ಮಾತು.

ಕಾಪು ಕ್ಯಾಸೆಟ್

10,000 ಆಟ ಅಂದರೆ ನಮ್ಮ 9999 ಇನ್ 1ಕ್ಕಿಂತ ಒಂದು ಜಾಸ್ತಿ ಆಯಿತು. ವ್ಯಾಪಾರದವರು ಮೂವತ್ತು ವರ್ಷದಲ್ಲಿ ಒಂದೇ ಆಟ ಮುಂದೆ ಬಂದದ್ದು.

ಬಿಜೈ 16ಬಿಟ್

😀 ಅಣ್ಣ!

ರೂಮ್‌ಮೇಟ್ ಹೇಳಿದ್ದು ಸರಿ, ಪೈಯಲ್ಲಿ ಎಲ್ಲ ಆಗುತ್ತದೆ. ನಾನೂ ಹಾಕಿ ಇಟ್ಟಿದ್ದೆ. ಆಗಿದ್ದು ಏನೆಂದರೆ, ಸಂಜೆ ಕೂತರೆ ಪಟ್ಟಿ ಮೇಲೆ ಕೆಳಗೆ ಮಾಡುವುದು, ಒಂದು ಆಟ ತೆರೆಯುವುದು, ಎರಡು ನಿಮಿಷ ಆಡುವುದು, ಮುಚ್ಚುವುದು. ಆಮೇಲೆ ಸೆಟ್ಟಿಂಗ್ಸಿಗೆ ಹೋಗಿ ಏನೋ ತಿರುಚುವುದು. ಊಟಕ್ಕೆ ಕರೆಯುವ ಹೊತ್ತಿಗೆ ಆಡಿದ್ದು ಏನೂ ಇಲ್ಲ. 42 ಆಟ ಇದ್ದರೆ ಹಾಗಾಗುವುದಿಲ್ಲ. ಒಂದು ಕಷ್ಟ ಆಯಿತೆಂದು ಬಿಟ್ಟರೂ ಮರುದಿನ ಅದೇ ಕಣ್ಣಿಗೆ ಬೀಳುತ್ತದೆ.

ಇನ್ನೊಂದು, ಇದರ ಕೆಲಸ ಮಾಡಿದ್ದು ಜಪಾನಿನ ಎಂ2. ಹಳೆ ಸೆಗಾ ಆಟಗಳನ್ನು ಹೊಸ ಯಂತ್ರಕ್ಕೆ ತರುವುದರಲ್ಲಿ ಪಳಗಿದ ಕೈ. ಸೆಗಾ 2018ರಲ್ಲೇ ಇದನ್ನು ಘೋಷಿಸಿತ್ತು, ಆಮೇಲೆ ಮುಂದಕ್ಕೆ ಹಾಕಿ ಎಂ2ಗೆ ಒಪ್ಪಿಸಿತು. ಒಂದು ವರ್ಷ ತಡ ಆದದ್ದೇ ಒಳ್ಳೆಯದಾಯಿತು. ಯಾಕೆಂದರೆ ಅದಕ್ಕಿಂತ ಮೊದಲು ಸೆಗಾ ಹೆಸರಿನಲ್ಲಿ ಬಂದ ಅಗ್ಗದ ಯಂತ್ರಗಳಲ್ಲಿ ಸಂಗೀತ ಶ್ರುತಿ ತಪ್ಪಿ ಕೇಳುತ್ತಿತ್ತು. ಮೆಗಾ ಡ್ರೈವ್‌ನ ಯಮಹಾ ಧ್ವನಿ ಚಿಪ್ ಅನ್ನು ಅನುಕರಿಸುವುದು ಸುಲಭ ಅಲ್ಲ. ಇದರಲ್ಲಿ ಆ ಗುಂಯ್‌ಗುಡುವ ಬೇಸ್ ಸರಿಯಾಗಿ ಬರುತ್ತದೆ. ಮೆನುವಿನ ಸಂಗೀತ ಮಾಡಿದ್ದು ಯುಝೊ ಕೊಶಿರೊ, ಸ್ಟ್ರೀಟ್ಸ್ ಆಫ್ ರೇಜ್‌ಗೆ ಸಂಗೀತ ಕೊಟ್ಟವರೇ. ನಾನು ಎಷ್ಟೋ ಸಲ ಆಟ ಆರಿಸದೆ ಮೆನುವನ್ನೇ ಬಿಟ್ಟು ಚಾ ಕುಡಿಯುತ್ತಾ ಕೂತಿದ್ದುಂಟು.

ಮಣಿಪಾಲ ರೂಮ್‌ಮೇಟ್

ಸೆಟ್ಟಿಂಗ್ಸ್ ತಿರುಚುವುದೇ ನನಗೆ ಆಟ ಅಣ್ಣ. ಆದರೆ ಒಪ್ಪಿದೆ, ನಮ್ಮ ರೂಮಿನಲ್ಲೂ ಕೊನೆಗೆ ಆಡುವುದು ಒಂದೇ, ಸ್ಟ್ರೀಟ್ ಫೈಟರ್. ಇದರಲ್ಲಿ ಅದು ಹೇಗಿದೆ? ಯುರೋಪಿನದ್ದರಲ್ಲಿ ಮೂರು ಬಟನ್ ಕಂಟ್ರೋಲರ್ ಅಲ್ವಾ?

ಬಿಜೈ 16ಬಿಟ್

ಅದೇ ಇದರ ದೊಡ್ಡ ಕೊರತೆ. ಸ್ಟ್ರೀಟ್ ಫೈಟರ್ 2ಕ್ಕೆ ಆರು ಬಟನ್ ಬೇಕು, ಮೂರು ಗುದ್ದಿಗೆ, ಮೂರು ಒದೆಗೆ. ಮೂರೇ ಬಟನ್ ಇದ್ದರೆ ಸ್ಟಾರ್ಟ್ ಒತ್ತಿ ಒತ್ತಿ ಗುದ್ದಿನಿಂದ ಒದೆಗೆ ಬದಲಿಸಿಕೊಳ್ಳಬೇಕು. ಎದುರಿನವನು ಅಷ್ಟು ಹೊತ್ತು ಕಾಯುವುದಿಲ್ಲ. ಜಪಾನಿನ ಆವೃತ್ತಿಗೆ ಆರು ಬಟನಿನದ್ದೇ ಕೊಟ್ಟಿದ್ದಾರೆ. ನಮಗೆ ಮಾತ್ರ ಮಲತಾಯಿ ಧೋರಣೆ. ರೆಟ್ರೋ ಬಿಟ್ ಕಂಪನಿಯ ಸೆಗಾ ಪರವಾನಗಿಯ ಆರು ಬಟನ್ ಯುಎಸ್‌ಬಿ ಕಂಟ್ರೋಲರ್ ಇದಕ್ಕೆ ಹಿಡಿಯುತ್ತದೆ. ವೈರ್ ಬೇಡ ಅಂದರೆ 8ಬಿಟ್‌ಡೂನ ಎಂ30 ಉಂಟು.

ಅತ್ತಾವರ ಅಕ್ಕ

ಹುಡುಗರೇ, ಹೊಡೆದಾಟ ಬಿಟ್ಟು ಬೇರೆ ಏನಾದರೂ ಉಂಟಾ ಅದರಲ್ಲಿ? ಮಕ್ಕಳಿಗೆ ಅಂತ ನಮ್ಮ ಮನೆಯವರು ತರಬೇಕು ಅನ್ನುತ್ತಾರೆ. ತಂದ ಮೇಲೆ ಆಡುವುದು ಯಾರು ಅಂತ ನನಗೆ ಗೊತ್ತು. ನನಗೆ ಟೆಟ್ರಿಸ್ ಇದ್ದರೆ ಸಾಕು.

ಬಿಜೈ 16ಬಿಟ್

ಅಕ್ಕ, ಟೆಟ್ರಿಸ್ ಉಂಟು. ಅದಕ್ಕೊಂದು ಕತೆಯೂ ಉಂಟು. 1989ರಲ್ಲಿ ಸೆಗಾ ಮೆಗಾ ಡ್ರೈವ್‌ಗೆ ಟೆಟ್ರಿಸ್ ತಯಾರು ಮಾಡಿತ್ತು. ಹಕ್ಕು ಯಾರದ್ದು ಎಂಬ ಜಗಳದಲ್ಲಿ ಅದು ಮಾರಾಟಕ್ಕೆ ಬರಲೇ ಇಲ್ಲ. ಹೊರಗೆ ಉಳಿದ ಬೆರಳೆಣಿಕೆಯ ಕ್ಯಾಸೆಟ್‌ಗಳಿಗೆ ಸಂಗ್ರಹ ಮಾಡುವವರು ಲಕ್ಷಗಟ್ಟಲೆ ಕೊಡುತ್ತಾರೆ. ಮಿನಿಗೆ ಎಂ2ನವರು ಹೊಸದಾಗಿಯೇ ಮಾಡಿ ಸೇರಿಸಿದ್ದಾರೆ. ಹಾಗೆಯೇ ಡೇರಿಯಸ್ ಅಂತ ಇನ್ನೊಂದು, ಆರ್ಕೇಡಿನ (ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರದ) ಆಟ, ಅದೂ ಆಗ ಮೆಗಾ ಡ್ರೈವ್‌ಗೆ ಬಂದಿರಲಿಲ್ಲ. 40 ಹಳೆಯದು, 2 ಹೀಗೆ ಹೊಸದು, ಒಟ್ಟು 42.

ಟೆಟ್ರಿಸ್ ಬೇಸರ ಬಂದರೆ ಕಾಲಮ್ಸ್ ಉಂಟು, ಬಣ್ಣದ ಹರಳು ಮೂರು ಮೂರು ಜೋಡಿಸುವುದು. ಮೀನ್ ಬೀನ್ ಮಷೀನ್ ಉಂಟು, ಮಕ್ಕಳಿಗೆ ಅದು ಹಿಡಿಸುತ್ತದೆ. ಚಿಕ್ಕವರಿಗೆ ಮಿಕ್ಕಿ ಮೌಸ್‌ನ ಕ್ಯಾಸಲ್ ಆಫ್ ಇಲ್ಯೂಷನ್. ಮಿಕ್ಕಿ, ಡೊನಾಲ್ಡ್ ಇಬ್ಬರೂ ಇರುವ ವರ್ಲ್ಡ್ ಆಫ್ ಇಲ್ಯೂಷನ್ ಇನ್ನೂ ಒಳ್ಳೆಯದು. ಒಬ್ಬ ಮೇಲೆ ಹತ್ತಿ ಹಗ್ಗ ಇಳಿಬಿಟ್ಟರೆ ಇನ್ನೊಬ್ಬ ಹತ್ತುತ್ತಾನೆ. ಅಣ್ಣ ತಮ್ಮ ಜಗಳ ಆಡದೆ ಆಡುವ ಆಟ ಅಂತ ಇದ್ದರೆ ಇದೇ.

ಅತ್ತಾವರ ಅಕ್ಕ

ಜಗಳ ಆಡದೆ? ನಮ್ಮ ಮನೆಯಲ್ಲಿ ಆ ಹಗ್ಗಕ್ಕೇ ಜಗಳ ಆದೀತು. ಸರಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಆಡಿದ್ದೆಲ್ಲ ಹೋಗುತ್ತದಾ?

ಬಿಜೈ 16ಬಿಟ್

ಹೋಗುತ್ತದೆ. ತಾನಾಗಿ ಉಳಿಸಿಕೊಳ್ಳುವುದಿಲ್ಲ. ಪ್ರತಿ ಆಟಕ್ಕೂ ನಾಲ್ಕು ಜಾಗ ಕೊಟ್ಟಿದ್ದಾರೆ. ರೀಸೆಟ್ ಒತ್ತಬೇಕು, ಇಲ್ಲವೇ ಸ್ಟಾರ್ಟ್ ಬಟನನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರೆ ಮೆನು ಬರುತ್ತದೆ, ಅಲ್ಲಿ ಸೇವ್ ಮಾಡಬಹುದು. ಆಡುತ್ತಾ ಆಡುತ್ತಾ ಮಾಡಿಕೊಳ್ಳುವುದು ಒಳ್ಳೆಯದು. ಫ್ಯಾಂಟಸಿ ಸ್ಟಾರ್ 4ರ ಹಾಗಿನ ಉದ್ದದ ಆಟಗಳಿಗೆ ಇದು ಬಹಳ ಉಪಯೋಗ.

ಸುರತ್ಕಲ್ ಸೋಲ್ಡರ್

ಅಕ್ಕ ಕೇಳಿದ್ದು ಒಳ್ಳೆಯದಾಯಿತು, ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಲ್ಲಿ ಯಂತ್ರ ಸಾಯುವುದು ಆಡಿ ಅಲ್ಲ, ಸಿಡಿಲಿಗೆ ಮತ್ತು ಉಪ್ಪುಗಾಳಿಗೆ.

ಪತ್ತನಾಜೆಯ ಆಚೆ ಈಚೆ, ಮಳೆ ಹಿಡಿಯುವ ಮೊದಲು ಬರುವ ಗುಡುಗು ಸಿಡಿಲು ಉಂಟಲ್ಲ, ಅದು ಮುಗಿದ ಮರುವಾರ ನನ್ನ ಟೇಬಲ್ ತುಂಬಿರುತ್ತದೆ. ಆಮೇಲೆ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಸ್ವಿಚ್ ಆಫ್ ಮಾಡಿದ್ದೆ ಅಂತ ಎಲ್ಲರೂ ಹೇಳುತ್ತಾರೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಅದೂ ಅರ್ಧ. ಕೇಬಲ್ ಟಿವಿಯ ವೈರ್ ಅಥವಾ ಡಿಶ್‌ನ ವೈರ್ ಮೂಲಕ ಏಟು ಸೆಟ್ ಟಾಪ್ ಬಾಕ್ಸಿಗೆ ಬರುತ್ತದೆ, ಅಲ್ಲಿಂದ ಎಚ್‌ಡಿಎಂಐ ಕೇಬಲ್ ಹಿಡಿದು ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐಯಲ್ಲಿ ನಿಮ್ಮ ಆಟದ ಯಂತ್ರಕ್ಕೆ. ಚಾರ್ಜರ್ ಕಿತ್ತಿಟ್ಟೂ ಯಂತ್ರ ಸುಟ್ಟದ್ದು ನೋಡಿದ್ದೇನೆ. ಆದ್ದರಿಂದ ಆಡಿ ಆದ ಮೇಲೆ ಎಚ್‌ಡಿಎಂಐ ಕೂಡ ಕಳಚಿ. ಇಷ್ಟು ಚಿಕ್ಕ ಯಂತ್ರ, ಎತ್ತಿ ಕಪಾಟಿನಲ್ಲಿ ಇಟ್ಟರೆ ಮುಗಿಯಿತು.

ಉಪ್ಪುಗಾಳಿಯದ್ದು ನಿಧಾನದ ಕೆಲಸ. ಸಮುದ್ರಕ್ಕೆ ಹತ್ತಿರದ ಮನೆಯವರು ಯುಎಸ್‌ಬಿ ತುದಿಯ ಲೋಹ ನೋಡಿ, ಹಸಿರು ಹಿಡಿದಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹಳೆ ಕ್ಯಾಸೆಟ್ ಇದ್ದವರು ದಯವಿಟ್ಟು ಊದಬೇಡಿ. ಊದಿದರೆ ಎಂಜಲಿನ ತೇವ ಪಿನ್ ಮೇಲೆ ಕೂತು ಇನ್ನಷ್ಟು ಹಾಳು. ಊದಿದಾಗ ಸರಿಯಾದಂತೆ ಕಾಣುವುದು ಕ್ಯಾಸೆಟ್ ತೆಗೆದು ಮತ್ತೆ ಹಾಕಿದ್ದರಿಂದ. ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಒರೆಸಿದರೆ ಸಾಕು.

ಕಾಪು ಕ್ಯಾಸೆಟ್

ಇಷ್ಟು ವರ್ಷ ಊದಿ ಊದಿ ನನ್ನ ಕೆನ್ನೆ ನಾಗಸ್ವರ ಊದುವವರ ಹಾಗೆ ಆಗಿತ್ತು, ಈಗ ಹೇಳುತ್ತೀರಿ.

ಕುಂದಾಪ್ರ ಕಂಟ್ರೋಲರ್

ಹ್ವಾಯ್, ನನ್ನದೊಂದು ಪ್ರಶ್ನೆ. ನನ್ನ ಹತ್ತಿರ ಪ್ಲೇಸ್ಟೇಷನ್ ಕ್ಲಾಸಿಕ್ ಉಂಟು, ಅದೂ ಹೀಗೆಯೇ ಪುಟ್ಟದು. ಕೆಲವು ಆಟ ಎಳೆದಾಡಿದ ಹಾಗೆ ನಿಧಾನ ಅನ್ನಿಸುತ್ತದೆ. ಟಿವಿ ತೊಂದರೆಯಾ, ಯಂತ್ರದ್ದಾ?

ಮಣಿಪಾಲ ರೂಮ್‌ಮೇಟ್

ನಿಮ್ಮ ಟಿವಿ ಪಾಪ, ಅದರ ಮೇಲೆ ತಪ್ಪು ಹಾಕಬೇಡಿ. 2018ರ ಡಿಸೆಂಬರ್‌ನಲ್ಲಿ ಬಂದ ಆ ಯಂತ್ರದ 20 ಆಟಗಳಲ್ಲಿ 9ಕ್ಕೆ ಯುರೋಪಿನ ಪಾಲ್ ಆವೃತ್ತಿ ಹಾಕಿದ್ದಾರೆ. ಪಾಲ್ ಅಂದರೆ ಸೆಕೆಂಡಿಗೆ 50 ಸಲ ಚಿತ್ರ, ಅಮೆರಿಕ ಜಪಾನಿನದ್ದು 60. ಆಟವನ್ನು 60ಕ್ಕೆ ಲೆಕ್ಕ ಹಾಕಿ ಮಾಡಿ, ಆಮೇಲೆ 50ಕ್ಕೆ ಸರಿಯಾಗಿ ಹೊಂದಿಸದೆ ಬಿಟ್ಟರೆ ಶೇಕಡಾ 17ರಷ್ಟು ನಿಧಾನ ಓಡುತ್ತದೆ. ಟೆಕ್ಕನ್ 3ರಲ್ಲಿ ಇದು ಎದ್ದು ಕಾಣುತ್ತದೆ. ಒಳಗಿನ ಎಮ್ಯುಲೇಟರ್ (ಹಳೆ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಕೂಡ ಸೋನಿಯದ್ದಲ್ಲ, ಪಿಸಿಎಸ್‌ಎಕ್ಸ್ ರೀಆರ್ಮ್ಡ್ ಅಂತ ಎಲ್ಲರಿಗೂ ಸಿಗುವ ಮುಕ್ತ ತಂತ್ರಾಂಶ. ನಮ್ಮ ಪೈಯಲ್ಲಿ ಇರುವುದೂ ಅದೇ!

ಬಿಜೈ 16ಬಿಟ್

ಇಲ್ಲಿ ನೋಡಿ ವ್ಯತ್ಯಾಸ. ನನ್ನದು ಯುರೋಪಿನ ಪೀಸ್ ಆದರೂ ಆಟಗಳು 60ರಲ್ಲೇ ಓಡುತ್ತವೆ. ಸೋನಿಕ್ ಸೋನಿಕ್‌ನ ವೇಗದಲ್ಲೇ ಓಡುತ್ತಾನೆ. ಎರಡೂ ಕಂಪನಿ ಹಳೆಯದನ್ನೇ ಮಾರಿದ್ದು. ಒಬ್ಬರು ಕೂತು ಕೆಲಸ ಮಾಡಿದರು, ಇನ್ನೊಬ್ಬರು ಪೆಟ್ಟಿಗೆ ಚಂದ ಮಾಡಿದರು.

ಎಂ2ನವರ ಇನ್ನೊಂದು ಕಿತಾಪತಿ ಹೇಳುತ್ತೇನೆ. ಮೆನುವಿನಲ್ಲಿ ಭಾಷೆಯನ್ನು ಜಪಾನಿಗೆ ಬದಲಿಸಿದರೆ ಅಕ್ಷರ ಮಾತ್ರ ಬದಲಾಗುವುದಲ್ಲ. ಪೆಟ್ಟಿಗೆಯ ಚಿತ್ರಗಳು ಜಪಾನಿನವು ಆಗುತ್ತವೆ, ಆಟವೂ ಜಪಾನಿನ ಆವೃತ್ತಿಯೇ ತೆರೆಯುತ್ತದೆ. ಸ್ಟ್ರೀಟ್ಸ್ ಆಫ್ ರೇಜ್ 2 ಹೋಗಿ ಬೇರ್ ನಕಲ್ 2 ಬರುತ್ತದೆ. ಕಾಪು ಅಣ್ಣನಿಗೆ ಬೇಕಾದ ಸುದ್ದಿ ಎಂದರೆ, ಇದರಲ್ಲಿ ಕಾಂಟ್ರಾ ಹಾರ್ಡ್ ಕೋರ್ ಉಂಟು. ಹೊರದೇಶದ ಆವೃತ್ತಿಯಲ್ಲಿ ಒಂದು ಗುಂಡು ತಾಗಿದರೆ ಜೀವ ಹೋಯಿತು. ಜಪಾನಿನದ್ದರಲ್ಲಿ ಒಂದು ಜೀವಕ್ಕೆ ಮೂರು ಏಟು ತಡೆಯುತ್ತದೆ.

ಕಾಪು ಕ್ಯಾಸೆಟ್

ಮೂರು ಏಟು ಯಾಕೆ ಮಾರಾಯ, 30 ಜೀವದ ಕೋಡ್ ಇಲ್ಲವಾ? ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ನನಗೆ ಮಗಳ ಫೋನ್ ನಂಬರ್ ಮರೆತರೂ ಇದು ಮರೆಯುವುದಿಲ್ಲ.

ಬಿಜೈ 16ಬಿಟ್

ಅದು ಹಳೆ ಕಾಂಟ್ರಾದ್ದು ಅಣ್ಣ. ಇದು ಬೇರೆ, ಮತ್ತು ಬಹಳ ಕಷ್ಟ. ನಾನು ಮೊದಲ ಹಂತದಲ್ಲೇ ಸತ್ತು ಸತ್ತು ಸಾಕಾಯಿತು.

ಬಂಟ್ವಾಳ ಬಜೆಟ್

ಒಂದು ಸಂಶಯ. ನಿಮ್ಮ ಅಕ್ಕನ ಮಗ ಮೊಬೈಲಿನಲ್ಲಿ ಒಳ್ಳೊಳ್ಳೆ ಗ್ರಾಫಿಕ್ಸ್ ನೋಡಿದವ. ಅವನಿಗೆ ಈ ಚೌಕ ಚೌಕದ ಚಿತ್ರ ನಿಜವಾಗಿ ಇಷ್ಟ ಆಯಿತಾ, ಅಥವಾ ಮಾವ ಪಕ್ಕದಲ್ಲಿ ಕೂತದ್ದಕ್ಕೆ ಆಡಿದ್ದಾ?

ಬಿಜೈ 16ಬಿಟ್

ಒಳ್ಳೆ ಪ್ರಶ್ನೆ. ಅವನಿಗೆ ಚಿತ್ರದ ಬಗ್ಗೆ ತಕರಾರೇ ಇಲ್ಲ. ತಕರಾರು ಇದ್ದದ್ದು ಕಷ್ಟದ ಬಗ್ಗೆ. "ಮಾವ, ಇದರಲ್ಲಿ ಸತ್ತರೆ ಮೊದಲಿಂದ ಯಾಕೆ?" ಅಂತ ಕೇಳಿದ. ಉತ್ತರ ಹೇಳಿದೆ. ಕ್ಯಾಸೆಟಿನಲ್ಲಿ ಜಾಗ ಕಡಿಮೆ ಇತ್ತು, ಆಟ ಚಿಕ್ಕದು, ಸುಲಭ ಮಾಡಿದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು, ದುಡ್ಡು ಕೊಟ್ಟವರು ಬಿಡುತ್ತಾರಾ? ಅವನಿಗೆ ಅದು ಸಮಾಧಾನ ಆಗಲಿಲ್ಲ. ಆಲ್ಟರ್ಡ್ ಬೀಸ್ಟ್ ಐದೇ ನಿಮಿಷಕ್ಕೆ ಬಿಟ್ಟ. ಎಕ್ಕೋ ಡಾಲ್ಫಿನ್ ಆಟದಲ್ಲಿ ಏನು ಮಾಡಬೇಕು ಅಂತ ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಸೋನಿಕ್ 2 ಮತ್ತು ರೋಡ್ ರ‍್ಯಾಶ್ ಮಾತ್ರ ಬಿಡುತ್ತಾ ಇಲ್ಲ. ಗನ್‌ಸ್ಟಾರ್ ಹೀರೋಸ್ ಇಬ್ಬರೂ ಆಡಿದಾಗ ಮನೆಯಲ್ಲಿ ಗಲಾಟೆ ಜಾಸ್ತಿ ಆಯಿತು, ಅಮ್ಮ ಬಂದು ಟಿವಿ ಆಫ್ ಮಾಡಿದರು.

42ರಲ್ಲಿ ಎಲ್ಲವೂ ಚಿನ್ನ ಅಂತ ನಾನು ಹೇಳುವುದಿಲ್ಲ. ವರ್ಚುವಾ ಫೈಟರ್ 2 ಯಾಕೆ ಹಾಕಿದರೋ ಅವರಿಗೇ ಗೊತ್ತು. ಅರ್ಧದಷ್ಟು ಈಗಲೂ ಮನಸ್ಸಿಟ್ಟು ಆಡಬಹುದು. ಈ ತರದ ಯಂತ್ರಕ್ಕೆ ಅದು ತುಂಬಾ ಒಳ್ಳೆಯ ಲೆಕ್ಕ.

ಮೂಲ್ಕಿ ಮಸ್ಕತ್

ಹಾಗಾದರೆ ಈಗ ಕೊಳ್ಳುವವರು ಮಿನಿ 2 ತೆಗೆದುಕೊಳ್ಳಬೇಕಾ? ಅದು 2022ರಲ್ಲಿ ಬಂತು, ಮೆಗಾ ಸಿಡಿ (ಮೆಗಾ ಡ್ರೈವ್‌ಗೆ ಜೋಡಿಸುತ್ತಿದ್ದ ಸಿಡಿ ಯಂತ್ರ) ಆಟಗಳೂ ಇದ್ದಾವೆ ಅಂತ ಕೇಳಿದೆ.

ಬಿಜೈ 16ಬಿಟ್

ಇದ್ದಾವೆ. ಆದರೆ ಅದು ಕಡಿಮೆ ಸಂಖ್ಯೆಯಲ್ಲಿ ಬಂದದ್ದು, ಸಿಗುವುದೇ ಕಷ್ಟ. ಹೆಸರಾಂತ ಆಟಗಳೆಲ್ಲ ಮೊದಲನೆಯದರಲ್ಲೇ ಮುಗಿದಿವೆ. ಹೊಸಬರಿಗೆ ಮೊದಲನೆಯದೇ ಸಾಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಂಟ್ರೋಲರ್ ಎರಡೂ ಇದೆಯಾ ನೋಡಿ, ಟಿವಿಗೆ ಹಾಕಿ ತೋರಿಸಲಿಕ್ಕೆ ಹೇಳಿ, ಆಮೇಲೆ ದುಡ್ಡು ಕೊಡಿ. ಜಪಾನಿನಲ್ಲಂತೂ ಇದಕ್ಕೆ ಅಂಟಿಸುವ ಪುಟ್ಟ ಮೆಗಾ ಸಿಡಿ, 32ಎಕ್ಸ್ (ಅಂಥದ್ದೇ ಇನ್ನೊಂದು ಜೋಡಣೆ) ಕೂಡ ಮಾರಿದ್ದಾರೆ. ಬರೀ ಪ್ಲಾಸ್ಟಿಕ್, ಏನೂ ಮಾಡುವುದಿಲ್ಲ. ಅದಕ್ಕೂ ಜನ ದುಡ್ಡು ಕೊಟ್ಟರು. ನಾನೂ ಕೊಡುತ್ತಿದ್ದೆನೋ ಏನೋ.

ಅತ್ತಾವರ ಅಕ್ಕ

ಟಿವಿಯಲ್ಲಿ ಏನಾದರೂ ಬದಲಿಸಬೇಕಾ? ಹೋದ ವರ್ಷ ಮಕ್ಕಳಿಗೆ ಆ ಸ್ಟಿಕ್ ತಂದಿದ್ದೆವು. ಬಟನ್ ಒತ್ತಿದ ಮೇಲೆ ಮಾರಿಯೋ ಯೋಚನೆ ಮಾಡಿ ಹಾರುತ್ತಿದ್ದ.

ಸುರತ್ಕಲ್ ಸೋಲ್ಡರ್

ಟಿವಿ ಸೆಟ್ಟಿಂಗ್ಸಿನಲ್ಲಿ ಗೇಮ್ ಮೋಡ್ ಅಂತ ಇರುತ್ತದೆ ಅಕ್ಕ, ಅದನ್ನು ಆನ್ ಮಾಡಿ. ಎಲ್ಇಡಿ ಟಿವಿ ಚಿತ್ರವನ್ನು ಚಂದ ಮಾಡಲಿಕ್ಕೆ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ, ಆ ಹೊತ್ತೇ ವಿಳಂಬ. ಗೇಮ್ ಮೋಡ್‌ನಲ್ಲಿ ಆ ಶೃಂಗಾರ ಬಿಟ್ಟು ನೇರ ತೋರಿಸುತ್ತದೆ. ಮತ್ತೆ ಮಿನಿಯಲ್ಲಿ ಚಿತ್ರ 4:3ರಲ್ಲೇ (ಹಳೆ ಟಿವಿಯ ಆಕಾರ) ಇರಲಿ. ಪರದೆ ತುಂಬಲಿ ಅಂತ ಎಳೆದರೆ ಸೋನಿಕ್‌ಗೆ ಹೊಟ್ಟೆ ಬರುತ್ತದೆ.

ಯಂತ್ರಕ್ಕೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡುವ ಮೊದಲು ಅಲ್ಲಿ ಬರೆದದ್ದು ಓದಿ. 0.5 ಆಂಪಿಯರ್ ಅಂತ ಇದ್ದರೆ ಸಾಲದೆ ಬರಬಹುದು. 5 ವೋಲ್ಟ್ 1 ಆಂಪಿಯರ್‌ನ ಚಾರ್ಜರ್ ಹಾಕಿ.

ಕಾಪು ಕ್ಯಾಸೆಟ್

ಸೋಲ್ಡರ್, ನನ್ನ ಬಾತುಕೋಳಿ ಗನ್ ಈಗಿನ ಟಿವಿಯಲ್ಲಿ ಯಾಕೆ ಕೆಲಸ ಮಾಡುವುದಿಲ್ಲ? ಹಳೆ ಟರ್ಮಿನೇಟರ್ ಮೊಮ್ಮಗನಿಗೆ ತೋರಿಸಲಿಕ್ಕೆ ಹಾಕಿದೆ. ಮಾರಿಯೋ ಬರುತ್ತದೆ, ಗನ್ ಮಾತ್ರ ಸತ್ತಿದೆ.

ಸುರತ್ಕಲ್ ಸೋಲ್ಡರ್

ಗನ್ ಸತ್ತಿಲ್ಲ ಅಣ್ಣ, ಟಿವಿ ಬದಲಾಯಿತು ಅಷ್ಟೇ. ಗನ್ ಏನನ್ನೂ ಹೊಡೆಯುವುದಿಲ್ಲ, ನೋಡುತ್ತದೆ. ಅದರ ನಳಿಗೆಯೊಳಗೆ ಬೆಳಕು ಹಿಡಿಯುವ ಒಂದು ಸೆನ್ಸರ್ ಉಂಟು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಬರುತ್ತದೆ. ಆ ಬಿಳಿ ಗನ್ನಿಗೆ ಕಂಡರೆ ಏಟು ಬಿದ್ದ ಲೆಕ್ಕ. ಹಳೆ ಟಿವಿಯಲ್ಲಿ ಚಿತ್ರ ಆ ಕ್ಷಣಕ್ಕೇ ಬರುತ್ತದೆ. ಎಲ್ಇಡಿಯಲ್ಲಿ ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಟ "ತಪ್ಪಿತು" ಅಂತ ತೀರ್ಮಾನ ಮಾಡಿ ಆಗಿರುತ್ತದೆ. ಅದಲ್ಲದೆ ಹಳೆ ಪರದೆ ಸಾಲು ಸಾಲಾಗಿ ಬೆಳಗುವ ಮಿಣುಕಿಗೆ ಮಾತ್ರ ಸ್ಪಂದಿಸುವಂತೆ ಸೆನ್ಸರನ್ನು ಹೊಂದಿಸಿರುತ್ತಾರೆ. ಹಿಂದೆ ಗೂಡಿನ ಹಾಗೆ ಉಬ್ಬಿದ ಹಳೆ ಟಿವಿ ಸಿಕ್ಕಿದರೆ ಇವತ್ತೇ ಆಡಬಹುದು.

ಕಾಪು ಕ್ಯಾಸೆಟ್

ಅಂಗಡಿಯ 21 ಇಂಚಿನ ಟಿವಿ ಅಟ್ಟದಲ್ಲಿ ಉಂಟು. ಗುಜರಿಯವ ಕೇಳಿದ್ದ, ಕೊಡಲಿಲ್ಲ.

ಬಿಜೈ 16ಬಿಟ್

ಅಣ್ಣ, ಈ ಭಾನುವಾರ ಅದನ್ನು ನಮ್ಮ ಮನೆಗೆ ತರಲಿಕ್ಕೆ ಆಗುತ್ತದಾ? ಒಂದು ಕಡೆ ಎಲ್ಇಡಿಯಲ್ಲಿ ಮಿನಿ, ಇನ್ನೊಂದು ಕಡೆ ನಿಮ್ಮ ಟರ್ಮಿನೇಟರ್. ಮೂಲ್ಕಿಯವರೂ ಬನ್ನಿ, ಗೋಲ್ಡನ್ ಆ್ಯಕ್ಸ್ ಹಾಕಿ ಕೊಡುತ್ತೇನೆ. ರೂಮ್‌ಮೇಟ್, ನಿನ್ನ ಪೈ ಕೂಡ ತಾ. ಗೋಳಿಬಜೆಗೆ ಅಮ್ಮನ ಹತ್ತಿರ ಹೇಳಿ ಇಡುತ್ತೇನೆ.

ಮಣಿಪಾಲ ರೂಮ್‌ಮೇಟ್

ಬರುತ್ತೇನೆ ಅಣ್ಣ. ಆರು ಬಟನ್ ಕಂಟ್ರೋಲರ್ ಎರಡು ತರುತ್ತೇನೆ, ಮಿನಿಗೆ ಹಿಡಿಯುತ್ತದಾ ನೋಡುವ.

ಕಾಪು ಕ್ಯಾಸೆಟ್

ಮಗನ ಕಾರಿನ ಹಿಂದಿನ ಸೀಟಿನಲ್ಲಿ ತರುತ್ತೇನೆ. ಟಿವಿ ಹೇಗೆ ಇಡಬೇಕು?

ಸುರತ್ಕಲ್ ಸೋಲ್ಡರ್

ಗಾಜಿನ ಮುಖ ಸೀಟಿನ ಒರಗಿಗೆ ತಾಗಿರಲಿ. ಭಾರ ಎಲ್ಲ ಗಾಜಿನ ಕಡೆಗೇ ಇರುವುದು, ಬ್ರೇಕ್ ಹಾಕಿದರೆ ಮಗುಚಬಾರದು, ಬೆಲ್ಟ್ ಹಾಕಿ. ಇಳಿಸಲಿಕ್ಕೆ ಇಬ್ಬರು ಬೇಕು. ಇಷ್ಟು ವರ್ಷ ಅಟ್ಟದಲ್ಲಿ ಇದ್ದದ್ದು, ಬಂದ ಕೂಡಲೇ ಆನ್ ಮಾಡಬೇಡಿ. ನಾನು ಬಂದು ಹಿಂದಿನ ಮುಚ್ಚಳ ಬಿಚ್ಚಿ ಧೂಳು ತೆಗೆದ ಮೇಲೆ ಹಾಕುವ. ಒಳಗೆ ಯಾರೂ ಕೈ ಹಾಕಬೇಡಿ, ಪ್ಲಗ್ ಕಿತ್ತಿದ್ದರೂ ಅದರಲ್ಲಿ ಶಾಕ್ ಉಳಿದಿರುತ್ತದೆ.